ಅರವತ್ತು-ಹನ್ನೆರಡು ದಿನದ ಅರಮನೆ

ಮಕ್ಕಳೇ, ಒಂದು ಮನೆ ಕಲ್ಪಿಸಿಕೊಳ್ಳಿ. ಅದರಲ್ಲಿ ನಾನೂರಕ್ಕೂ ಹೆಚ್ಚು ಕೋಣೆಗಳು, ಚಳಿ ಕಾಯಿಸಲು 282 ಅಗ್ಗಿಷ್ಟಿಕೆಗಳು, ಹತ್ತಿ ಇಳಿಯಲು 77 ಮೆಟ್ಟಿಲಸಾಲುಗಳು. ಮನೆಯ ಸುತ್ತ ಕಾಡು, ಕಾಡಿನ ಸುತ್ತ 32 ಕಿಲೋಮೀಟರ್ ಉದ್ದದ ಗೋಡೆ. ಗೋಡೆಯ ಒಳಗಿನ ಜಾಗ ಹೆಚ್ಚುಕಡಿಮೆ ಪ್ಯಾರಿಸ್ ನಗರದಷ್ಟು. ಇದನ್ನೆಲ್ಲ ಕಟ್ಟಿಸಲು ತೊಡಗಿದ ಯಜಮಾನ ತನ್ನ 32 ವರ್ಷಗಳ ಆಳ್ವಿಕೆಯಲ್ಲಿ ಅಲ್ಲಿ ಎಷ್ಟು ದಿನ ಇದ್ದ ಗೊತ್ತೇ? ಒಟ್ಟು ಸೇರಿಸಿದರೆ 72 ದಿನ!

ಈ ಸಂಖ್ಯೆಯನ್ನು ನನ್ನ ಮೊಮ್ಮಗಳು ಓದಿ ಹೇಳಿದ್ದು ಹೀಗೆ: "ಅಜ್ಜಿ, ರಾಜ ಇಲ್ಲಿ ಅರವತ್ತು-ಹನ್ನೆರಡು ದಿನ ಇದ್ದನಂತೆ."

ನಾನು ನಕ್ಕುಬಿಟ್ಟೆ. ಆಮೇಲೆ ನಗಬಾರದಿತ್ತು ಅನಿಸಿತು. ಫ್ರಾನ್ಸಿನ ಫ್ರೆಂಚಿನಲ್ಲಿ ಎಪ್ಪತ್ತಕ್ಕೆ ಬೇರೆ ಹೆಸರಿಲ್ಲ. ಅರವತ್ತು-ಹತ್ತು, ಅರವತ್ತು-ಹನ್ನೊಂದು ಎಂದೇ ಎಣಿಸುತ್ತಾರೆ. ಎಂಬತ್ತಕ್ಕೆ ನಾಲ್ಕು-ಇಪ್ಪತ್ತು, ತೊಂಬತ್ತಕ್ಕೆ ನಾಲ್ಕು-ಇಪ್ಪತ್ತು-ಹತ್ತು. ಅವಳು ಪ್ಯಾರಿಸ್ಸಿಗೆ ಹೋದಾಗ ನಾಲ್ಕು ವರ್ಷದವಳು, ಈಗ ಎಂಟು ತುಂಬಿದೆ. ಶಾಲೆಯಲ್ಲಿ ಫ್ರೆಂಚ್, ಗೆಳತಿಯರ ಜೊತೆ ಫ್ರೆಂಚ್. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಫ್ರೆಂಚಿನಲ್ಲಿ ಬರುತ್ತದೆ. ಈ ಸಲ ಬೇಸಿಗೆಯಲ್ಲಿ ನಾನು ಹೋದಾಗ ನನಗೋಸ್ಕರ ಕನ್ನಡ ಹುಡುಕುತ್ತಿದ್ದಳು, ಜೇಬಿನಲ್ಲಿ ಚಿಲ್ಲರೆ ಹುಡುಕಿದ ಹಾಗೆ.

ನಾವು ಹೋಗಿದ್ದು ಲ್ವಾರ್ ನದಿಯ ಕಣಿವೆಗೆ. ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, ಸುಮಾರು ಸಾವಿರ ಕಿಲೋಮೀಟರ್. ಮಧ್ಯ ಫ್ರಾನ್ಸಿನ ಬೆಟ್ಟಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ಸೇರುತ್ತದೆ. ಅದರ ದಂಡೆಯಲ್ಲೂ ಉಪನದಿಗಳ ದಂಡೆಯಲ್ಲೂ ಸಾಲುಸಾಲಾಗಿ ಅರಮನೆಗಳಿವೆ, ಅವುಗಳ ನಡುವೆ ದ್ರಾಕ್ಷಿ ತೋಟಗಳಿವೆ. ಈ ಕಣಿವೆಯ ಬಹುಭಾಗ 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ಅರಮನೆ ಎಂದೆನಲ್ಲ, ಅಲ್ಲೊಂದು ಸಣ್ಣ ತೊಡಕು. ನಮಗೆ ಚಿತ್ರದುರ್ಗದಲ್ಲಿರುವುದು ಕೋಟೆ, ಮೈಸೂರಿನಲ್ಲಿರುವುದು ಅರಮನೆ. ಫ್ರೆಂಚರಿಗೆ ಎರಡೂ 'ಶಾತೋ'. ಮೊದಲು ಅವರು ಕಟ್ಟಿದ್ದು ಯುದ್ಧದ ಕೋಟೆಗಳನ್ನೇ. ದಪ್ಪ ಗೋಡೆ, ಸಣ್ಣ ಕಿಂಡಿ, ಸುತ್ತ ಕಂದಕ. ಹದಿನೈದನೆಯ ಶತಮಾನದ ಕೊನೆಗೆ ಫ್ರೆಂಚ್ ರಾಜರು ಯುದ್ಧಕ್ಕೆಂದು ಇಟಲಿಗೆ ಹೋಗಿ, ಅಲ್ಲಿನ ಅರಮನೆ ಉದ್ಯಾನಗಳನ್ನು ಕಂಡು ಬೆರಗಾಗಿ ಬಂದರು. ಊರಿಗೆ ಮರಳಿ ಕಿಂಡಿಗಳಿದ್ದಲ್ಲಿ ದೊಡ್ಡ ಕಿಟಕಿ ಇಡಿಸಿದರು. ಗೋಪುರ, ಕಂದಕಗಳನ್ನು ಮಾತ್ರ ಅಂದಕ್ಕೆ ಉಳಿಸಿಕೊಂಡರು. ಹೆಸರು ಹಳೆಯದೇ ಉಳಿಯಿತು. ಹಾಗಾಗಿ ಲ್ವಾರ್ ಕಣಿವೆಯ ಬಹಳಷ್ಟು ಶಾತೋಗಳು ಕೋಟೆಯ ವೇಷ ಹಾಕಿದ ಅರಮನೆಗಳು.

ಪ್ಯಾರಿಸ್ಸಿನಿಂದ ರೈಲಿನಲ್ಲಿ ಬ್ಲ್ವಾ ಎಂಬ ಊರಿಗೆ ಒಂದೂವರೆ ಗಂಟೆಯ ದಾರಿ. ಅಲ್ಲಿಂದ ಬಸ್ಸಿನಲ್ಲಿ ಶಾಂಬೋರ್‌ಗೆ ಹೋದೆವು. ನಾನು ಮೊದಲೇ ಹೇಳಿದ ಆ 282 ಅಗ್ಗಿಷ್ಟಿಕೆಗಳ ಮನೆ ಇದೇ. ಕಾಡಿನ ದಾರಿ ಒಮ್ಮೆ ಬಯಲಾಗುತ್ತದೆ, ದೂರದಲ್ಲಿ ಬೆಳ್ಳಗೆ ಒಂದು ಊರೇ ಎದ್ದು ನಿಂತ ಹಾಗೆ ಕಾಣುತ್ತದೆ. ಅದು ಊರಲ್ಲ, ಮಾಡು! ಚಿಮಣಿಗಳು, ಗೋಪುರಗಳು, ಕಿರುಗುಮ್ಮಟಗಳು ಒಂದರ ಪಕ್ಕ ಒಂದು ಒತ್ತಿಕೊಂಡು ನಿಂತಿವೆ.

ಇದನ್ನು ಕಟ್ಟಿಸಲು ಶುರುಮಾಡಿದವನು ಒಂದನೆಯ ಫ್ರಾನ್ಸ್ವಾ ಎಂಬ ರಾಜ, 1519ರಲ್ಲಿ. ಆಗ ಅವನಿಗಿನ್ನೂ ಇಪ್ಪತ್ತೈದು. ಬೇಟೆಯ ಹುಚ್ಚು, ಕಲೆಯ ಹುಚ್ಚು, ಯುದ್ಧದ ಹುಚ್ಚು, ಮೂರೂ ಇದ್ದವನು. ಚಿತ್ರಕಾರ ಲಿಯೊನಾರ್ಡೊ ಡ ವಿಂಚಿಯನ್ನು ಇಟಲಿಯಿಂದ ಕರೆಸಿ ಮನೆ, ಸಂಬಳ ಕೊಟ್ಟು ಇಟ್ಟುಕೊಂಡವನೂ ಇವನೇ. 'ಮೋನಾಲಿಸಾ' ಚಿತ್ರ ಇಂದು ಫ್ರಾನ್ಸಿನಲ್ಲಿ ಇರುವುದಕ್ಕೆ ಕಾರಣ ಅದು. ಮುದಿವಯಸ್ಸಿನಲ್ಲಿ ಆಲ್ಪ್ಸ್ ಪರ್ವತ ದಾಟಿ ಬಂದ ಲಿಯೊನಾರ್ಡೊ ಚಿತ್ರವನ್ನು ಜೊತೆಗೆ ತಂದಿದ್ದ.

ಶಾಂಬೋರ್‌ನಲ್ಲಿ ಎಲ್ಲರೂ ಮೊದಲು ಓಡುವುದು ನಡುಮನೆಯ ಮೆಟ್ಟಿಲಿಗೆ. ಎರಡು ಮೆಟ್ಟಿಲಸಾಲುಗಳು ಒಂದೇ ಕಂಬದ ಸುತ್ತ ಬಳ್ಳಿಗಳಂತೆ ಸುತ್ತಿಕೊಂಡು ಮೇಲೇರುತ್ತವೆ. ನಾನು ಒಂದರಲ್ಲಿ, ಮೊಮ್ಮಗಳು ಇನ್ನೊಂದರಲ್ಲಿ ಹತ್ತಿದೆವು. ನಡುವಿನ ಕಿಟಕಿಗಳಲ್ಲಿ ಅವಳ ಮುಖ ಕಾಣುತ್ತದೆ, ಮಾಯವಾಗುತ್ತದೆ, ಮತ್ತೆ ಕಾಣುತ್ತದೆ. ತುದಿ ಮುಟ್ಟುವವರೆಗೆ ನಾವು ಎದುರುಬದುರಾಗಲೇ ಇಲ್ಲ. ಲಿಯೊನಾರ್ಡೊ ಇಂಥ ಮೆಟ್ಟಿಲುಗಳ ಬಗ್ಗೆ ಯೋಚಿಸಿದ್ದುಂಟು, ಆದ್ದರಿಂದ ಇದು ಅವನದೇ ಕಲ್ಪನೆ ಎನ್ನುವವರಿದ್ದಾರೆ. ಅರಮನೆ ಕಟ್ಟಲು ತೊಡಗುವ ಕೆಲವೇ ತಿಂಗಳ ಮೊದಲು, 1519ರ ಮೇ 2ರಂದು ಅವನು ತೀರಿಕೊಂಡಿದ್ದ. ಅವನ ಕೈಯ ನಕ್ಷೆ ಯಾವುದೂ ಸಿಕ್ಕಿಲ್ಲ. ನಾವು ಮಾತ್ರ ಆ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದೆವು. ನನ್ನ ಮಂಡಿಗೆ ಲಿಯೊನಾರ್ಡೊ ಮೇಲೆ ಸಿಟ್ಟು ಬಂದಿತ್ತು.

ಮೇಲೆ ಹೋದಂತೆ ಮೊಮ್ಮಗಳಿಗೆ ಬೇಸರವಾಯಿತು. ಕೋಣೆಯ ಮೇಲೆ ಕೋಣೆ, ಹೆಚ್ಚಿನವು ಖಾಲಿ. "ಮಂಚ ಎಲ್ಲಿ? ರಾಜ ಎಲ್ಲಿ ಮಲಗುತ್ತಿದ್ದ?" ಎಂದಳು.

ಪ್ರಶ್ನೆ ಚೆನ್ನಾಗಿದೆ. ಆ ಕಾಲದ ಫ್ರೆಂಚ್ ರಾಜ ಒಂದು ಕಡೆ ನೆಲೆ ನಿಲ್ಲುತ್ತಿರಲಿಲ್ಲ. ಸಾವಿರಾರು ಜನ, ಸಾವಿರಾರು ಕುದುರೆಗಳ ಆಸ್ಥಾನವನ್ನು ಕಟ್ಟಿಕೊಂಡು ಅರಮನೆಯಿಂದ ಅರಮನೆಗೆ ತಿರುಗುತ್ತಿದ್ದ. ಮಂಚ, ಮೇಜು, ಗೋಡೆಗೆ ತೂಗುಹಾಕುವ ದಪ್ಪ ಚಿತ್ರಗಂಬಳಿ, ಪಾತ್ರೆ ಪರಡಿ ಎಲ್ಲವೂ ಗಾಡಿ ಏರಿ ಜೊತೆಗೇ ಬರುತ್ತಿದ್ದವು. ರಾಜ ಹೊರಟ ಮರುದಿನ ಅರಮನೆ ಬರಿದು. ಫ್ರೆಂಚಿನಲ್ಲಿ ಪೀಠೋಪಕರಣಕ್ಕೆ ಹೇಳುವ ಮಾತಿನ ಮೂಲ ಅರ್ಥವೇ 'ಕದಲುವಂಥದ್ದು' ಎಂದು. ನಮ್ಮ ಜಾತ್ರೆಯಲ್ಲಿ ಟೂರಿಂಗ್ ನಾಟಕ ಕಂಪನಿ ಸಾಮಾನು ಬಿಚ್ಚಿ ಕಟ್ಟುತ್ತದಲ್ಲ, ಅದನ್ನೇ ನೂರು ಪಟ್ಟು ಮಾಡಿ ನೋಡಿ.

ಗೋಡೆ, ಚಾವಣಿಗಳಲ್ಲಿ ಎಲ್ಲೆಲ್ಲೂ ಒಂದು ಹಲ್ಲಿಯಂಥ ಪ್ರಾಣಿಯ ಕೆತ್ತನೆ ಇದೆ. ಅದು ಸಲಮಾಂಡರ್, ಫ್ರಾನ್ಸ್ವಾನ ಲಾಂಛನ. ಬೆಂಕಿಯಲ್ಲೂ ಸುಡದ ಪ್ರಾಣಿ ಎಂದು ಆಗಿನವರ ನಂಬಿಕೆ. ಮೊಮ್ಮಗಳು ಅವನ್ನು ಎಣಿಸುತ್ತಾ ಹೋಗಿ ಸೋತಳು. ಅಲ್ಲೇ ಒಂದು ಕಿಟಕಿಯ ಕಟ್ಟೆಯ ಮೇಲೆ ಕುಳಿತು ಅವಳಿಗೆ ನಾನೊಂದು ಕತೆ ಹೇಳಿದೆ. ನಿಜವಾಗಿ ನಡೆದದ್ದು. ಶಾಂಬೋರ್ ಎಂದರೆ ನನಗೆ ಮೆಟ್ಟಿಲಿಗಿಂತ ಮೊದಲು ನೆನಪಾಗುವುದು ಅದು.

1525ರ ಫೆಬ್ರವರಿಯಲ್ಲಿ ಇಟಲಿಯ ಪಾವಿಯಾ ಎಂಬಲ್ಲಿ ನಡೆದ ಯುದ್ಧದಲ್ಲಿ ಫ್ರಾನ್ಸ್ವಾ ಸೋತು ಸೆರೆಯಾದ. ಗೆದ್ದದ್ದು ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೇನೆ. ಅವನು ಸ್ಪೇನಿಗೂ ರಾಜ. ಫ್ರಾನ್ಸ್ವಾನನ್ನು ಮ್ಯಾಡ್ರಿಡ್‌ಗೆ ಒಯ್ದು ಕೂಡಿಟ್ಟರು. ಶಾಂಬೋರ್‌ನ ಕೆಲಸ ನಿಂತುಹೋಯಿತು. ಕಡೆಗೊಂದು ಒಪ್ಪಂದವಾಯಿತು: ರಾಜನನ್ನು ಬಿಡುತ್ತೇವೆ, ಆದರೆ ಮಾತಿಗೆ ತಪ್ಪದಂತೆ ಅವನ ಇಬ್ಬರು ಗಂಡುಮಕ್ಕಳು ನಮ್ಮಲ್ಲಿ ಒತ್ತೆಯಾಗಿರಬೇಕು.

ದೊಡ್ಡವನ ಹೆಸರೂ ಫ್ರಾನ್ಸ್ವಾ. ಅವನಿಗೆ ಆಗಷ್ಟೇ ಎಂಟು ತುಂಬಿತ್ತು. ಚಿಕ್ಕವನು ಆನ್ರಿ, ಏಳು ತುಂಬಲು ಎರಡು ವಾರ ಬಾಕಿ. ತಾಯಿ ಕ್ಲೋದ್ ರಾಣಿ ತೀರಿಕೊಂಡು ಇನ್ನೂ ಎರಡು ವರ್ಷ ಆಗಿರಲಿಲ್ಲ. 1526ರ ಮಾರ್ಚ್ 17ರಂದು ಎರಡು ದೇಶಗಳ ಗಡಿಯಲ್ಲಿ ಹರಿಯುವ ಬಿದಾಸೋವಾ ನದಿಯಲ್ಲಿ ಅದಲುಬದಲು ನಡೆಯಿತು. ಅಪ್ಪ ಫ್ರಾನ್ಸಿನ ದಡಕ್ಕೆ ಬಂದ, ಮಕ್ಕಳು ಸ್ಪೇನಿನ ದಡಕ್ಕೆ ಹೋದರು.

ನಮ್ಮ ನಾಡಿನ ಓದುಗರಿಗೆ ಇಲ್ಲಿ ಶ್ರೀರಂಗಪಟ್ಟಣ ನೆನಪಾದೀತು. 1792ರ ಒಪ್ಪಂದದಂತೆ ಟಿಪ್ಪು ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಗಿ ಮದ್ರಾಸಿಗೆ ಕರೆದೊಯ್ದ. ಟಿಪ್ಪು ಒಪ್ಪಿದ ಹಣ ತೆತ್ತು ಎರಡು ವರ್ಷಕ್ಕೆ ಮಕ್ಕಳನ್ನು ಬಿಡಿಸಿಕೊಂಡ. ಫ್ರಾನ್ಸ್ವಾ ಹಾಗೆ ಮಾಡಲಿಲ್ಲ. ಸ್ವಂತ ನೆಲ ಮುಟ್ಟಿದ ಮೇಲೆ, ಸೆರೆಯಲ್ಲಿ ಬಲವಂತದಿಂದ ಕೊಟ್ಟ ಮಾತು ಮಾತೇ ಅಲ್ಲ ಎಂದುಬಿಟ್ಟ. ದೇಶದ ದೃಷ್ಟಿಯಿಂದ ಅದಕ್ಕೆ ಕಾರಣಗಳಿದ್ದವು, ಒಪ್ಪಂದದಂತೆ ಅವನು ರಾಜ್ಯದ ದೊಡ್ಡ ಭಾಗವನ್ನೇ ಬಿಟ್ಟುಕೊಡಬೇಕಿತ್ತು. ಚಕ್ರವರ್ತಿಗೆ ಸಿಟ್ಟು ಬಂತು. ಹುಡುಗರ ಜೊತೆಗಿದ್ದ ಫ್ರೆಂಚ್ ಆಳುಗಳನ್ನು ದೂರ ಮಾಡಿದರು, ಸೆರೆಮನೆ ಬಿಗಿಯಾಯಿತು.

ಅದೇ 1526ರಲ್ಲಿ ಶಾಂಬೋರ್‌ನ ಕೆಲಸ ಮತ್ತೆ ಶುರುವಾಯಿತು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಪ್ಪನೇ ಕಳಿಸಿದ್ದಾ?" ಎಂದಳು.

"ಹೌದು."

"ಎಷ್ಟು ದಿನ?"

ನಾಲ್ಕು ವರ್ಷದ ಮೇಲೆ ಮೂರೂವರೆ ತಿಂಗಳು. ಅದರ ಕೊನೆಕೊನೆಗೆ, 1529ರಲ್ಲಿ, ಫ್ರಾನ್ಸಿನಿಂದ ಒಬ್ಬ ಅಧಿಕಾರಿಗೆ ಹುಡುಗರನ್ನು ನೋಡಲು ಅನುಮತಿ ಸಿಕ್ಕಿತು. ಕೋಟೆಯ ಮಂಕು ಕೋಣೆಯಲ್ಲಿದ್ದ ರಾಜಕುಮಾರನನ್ನು ಅವನು ಫ್ರೆಂಚಿನಲ್ಲಿ ಮಾತಾಡಿಸಿದ. ಹುಡುಗನಿಗೆ ಅದು ಅರ್ಥವಾಗಲಿಲ್ಲವಂತೆ. ಮಾತಾಡುವವರೇ ಇಲ್ಲದೆ ಸ್ವಂತ ಭಾಷೆ ಮರೆತುಹೋಗಿತ್ತು. ಸ್ಪ್ಯಾನಿಷ್‌ನಲ್ಲಿ ಕೇಳಿದಾಗಲೇ ಉತ್ತರ ಬಂದದ್ದು.

ಈ ಭಾಗವನ್ನು ನಾನು ಅವಳಿಗೆ ಹೇಳಲೋ ಬೇಡವೋ ಎಂದು ಯೋಚಿಸಿ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಕಿಟಕಿಯ ಗಾಜಿನ ಮೇಲೆ ಬೆರಳಾಡಿಸುತ್ತಾ ಕುಳಿತಳು.

ಹುಡುಗರನ್ನು ಬಿಡಿಸಿದ್ದು ಯಾರು ಗೊತ್ತೇ? ಅವರ ಅಜ್ಜಿ! ರಾಜನ ತಾಯಿ ಲುಯೀಸ್, ಚಕ್ರವರ್ತಿಯ ಸೋದರತ್ತೆ ಮಾರ್ಗರೆಟ್ ಜೊತೆ ಕುಳಿತು 1529ರಲ್ಲಿ ರಾಜಿ ಮಾಡಿದಳು. ಗಂಡಸರಿಗೆ ಮುಖ ಕೊಟ್ಟು ಮಾತಾಡಲು ಆಗದ್ದನ್ನು ಇಬ್ಬರು ಹೆಂಗಸರು ಮುಗಿಸಿದರು. ಆ ಒಪ್ಪಂದಕ್ಕೆ ಇಂದಿಗೂ 'ಹೆಂಗಸರ ಶಾಂತಿ' ಎಂದೇ ಹೆಸರು. ಬೆಲೆ 20 ಲಕ್ಷ ಚಿನ್ನದ ನಾಣ್ಯ. ಅದರಲ್ಲಿ 12 ಲಕ್ಷ ಮುಂಗಡವಾಗಿ ತೂಗಿ ಕೊಟ್ಟ ಮೇಲೆಯೇ 1530ರ ಜುಲೈನಲ್ಲಿ ಹುಡುಗರು ಅದೇ ನದಿ ದಾಟಿ ಮರಳಿದರು. ಅಜ್ಜಿಯರ ಬಗ್ಗೆ ಇತಿಹಾಸದ ಪುಸ್ತಕಗಳು ಬರೆಯುವುದು ಕಡಿಮೆ, ಅದಕ್ಕೇ ನಾನಿಲ್ಲಿ ಸ್ವಲ್ಪ ಜೋರಾಗಿ ಹೇಳುತ್ತಿದ್ದೇನೆ.

ಇನ್ನೂ ಒಂದು ವಿಚಿತ್ರ ಕೇಳಿ. 1539ರ ಡಿಸೆಂಬರ್‌ನಲ್ಲಿ ಅದೇ ಚಕ್ರವರ್ತಿ ಚಾರ್ಲ್ಸ್ ಅತಿಥಿಯಾಗಿ ಶಾಂಬೋರ್‌ಗೆ ಬಂದ. ಫ್ರಾನ್ಸ್ವಾ ಸಡಗರದಿಂದ ಬರಮಾಡಿಕೊಂಡು ಅರಮನೆ ತೋರಿಸಿದ. ಅಷ್ಟರಲ್ಲಿ ದೊಡ್ಡ ಹುಡುಗ, ಆ ಎಂಟು ವರ್ಷದ ಒತ್ತೆಯಾಳು, ಹದಿನೆಂಟಕ್ಕೇ ತೀರಿಕೊಂಡಿದ್ದ. ಚಿಕ್ಕವನು ಆನ್ರಿ ಪಟ್ಟಕ್ಕೆ ಬರುವವನಾಗಿದ್ದ. ಬಾಲ್ಯ ಕಸಿದವನಿಗೆ ತನ್ನಪ್ಪ ಉಪಚಾರ ಮಾಡುವುದನ್ನು ನೋಡುವಾಗ ಆನ್ರಿಯ ಮನಸ್ಸಿನಲ್ಲಿ ಏನಿತ್ತೋ!

ಹೊರಗೆ ಬಂದಾಗ ಹಣ್ಣಾಗದ ಹಸಿರು ಗೊನೆಗಳ ದ್ರಾಕ್ಷಿ ತೋಟ ಕಂಡಿತು. ಫ್ರಾನ್ಸ್ವಾ ಈ ಸೀಮೆಗೆ ರೊಮೊರಾಂತಾಂ ಎಂಬ ದ್ರಾಕ್ಷಿ ತಳಿ ತರಿಸಿದನೆಂದು ಪ್ರತೀತಿ. 2015ರಿಂದ ಅರಮನೆಯ ಜಮೀನಿನಲ್ಲಿ ಮತ್ತೆ ಅದನ್ನು ಬೆಳೆಯುತ್ತಿದ್ದಾರೆ. ಫ್ರಾನ್ಸಿನ ದ್ರಾಕ್ಷಿಗೆ 1860ರ ದಶಕದಲ್ಲಿ ದೊಡ್ಡ ಆಪತ್ತು ಬಂದಿತ್ತು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಹೇನಿನಂಥ ಕೀಟ ಬೇರುಗಳನ್ನೇ ಹಿಡಿದು ತೋಟ ತೋಟಗಳನ್ನು ಕೊಂದಿತು. ಪರಿಹಾರ ಸಿಕ್ಕಿದ್ದೂ ಅಮೆರಿಕದಿಂದಲೇ. ಆ ಕೀಟ ತಡೆಯುವ ಅಮೆರಿಕದ ಬೇರಿನ ಮೇಲೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಿದರು, ನಾವು ಮಾವಿಗೆ ಕಟ್ಟುವ ಹಾಗೆ. ಏಪ್ರಿಲ್‌ನಲ್ಲಿ ಚಿಗುರೊಡೆದ ಮೇಲೆ ಹಿಮ ಬೀಳುವುದು ಈಗಿನ ಚಿಂತೆ. ಅಂಥ ರಾತ್ರಿ ರೈತರು ಸಾಲುಗಳ ನಡುವೆ ನೂರಾರು ದೊಡ್ಡ ಮೇಣದ ಬೆಂಕಿ ಹಚ್ಚಿ ತೋಟವನ್ನು ಬೆಚ್ಚಗಿಡುತ್ತಾರೆ. ಚಿತ್ರದಲ್ಲಿ ದೀಪಾವಳಿಯಂತೆ ಕಂಡರೂ ಅವರಿಗೆ ಅದು ನಿದ್ದೆಗೆಟ್ಟ ರಾತ್ರಿ.

ಮರುದಿನ ಆಂಬ್ವಾಜ್‌ನಲ್ಲಿ ಅರ್ಧ ದಿನ. ಫ್ರಾನ್ಸ್ವಾ ಬೆಳೆದ ಅರಮನೆ ಇದು, ಲಿಯೊನಾರ್ಡೊನ ಸಮಾಧಿ ಇಲ್ಲಿನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿದೆ. 1498ರಲ್ಲಿ ಎಂಟನೆಯ ಶಾರ್ಲ್ ಎಂಬ ರಾಜ ಚೆಂಡಾಟ ನೋಡಲು ಅವಸರದಲ್ಲಿ ಹೋಗುತ್ತಾ ತಗ್ಗು ಬಾಗಿಲಿಗೆ ತಲೆ ಬಡಿದುಕೊಂಡು ಅದೇ ದಿನ ಸತ್ತುಹೋದದ್ದೂ ಇಲ್ಲೇ. ಅವನ ಮಕ್ಕಳಾರೂ ಬದುಕಿರಲಿಲ್ಲ. ಪಟ್ಟ ದಾಯಾದಿಗೆ ಹೋಗಿ, ಕಡೆಗೆ 1515ರಲ್ಲಿ ಫ್ರಾನ್ಸ್ವಾನಿಗೆ ಬಂತು. ಆ ದಿನ ಶಾರ್ಲ್ ತಲೆ ಬಗ್ಗಿಸಿದ್ದರೆ ಶಾಂಬೋರ್ ಎನ್ನುವುದೇ ಇರುತ್ತಿರಲಿಲ್ಲವೋ ಏನೋ. ಮೊಮ್ಮಗಳು ಆಮೇಲೆ ಎಲ್ಲ ಬಾಗಿಲಲ್ಲೂ ತಲೆ ಬಗ್ಗಿಸಿಯೇ ನಡೆದಳು.

ಮಧ್ಯಾಹ್ನ ಅಳಿಯ ನಮ್ಮನ್ನು ಒಂದು ವೈನ್ ನೆಲಮಾಳಿಗೆಗೆ ಕರೆದೊಯ್ದ. ನನಗೆ ವೈನಿನಲ್ಲಿ ಆಸಕ್ತಿಯಿಲ್ಲ, ಆದರೆ ಆ ಗುಹೆ ನೋಡಿದ್ದು ಒಳ್ಳೆಯದಾಯಿತು. ಈ ಕಣಿವೆಯ ಅರಮನೆಗಳ ಬಿಳಿ ಕಲ್ಲಿಗೆ 'ತ್ಯುಫೋ' ಎಂದು ಹೆಸರು. ಮೆತ್ತನೆಯ ಸುಣ್ಣದ ಕಲ್ಲು, ಸುಲಭವಾಗಿ ಕೊಯ್ಯಬಹುದು. ದಂಡೆಯ ಗುಡ್ಡಗಳನ್ನು ಕೊರೆದು ಅದನ್ನು ತೆಗೆದು, ದೋಣಿಯಲ್ಲಿ ಸಾಗಿಸಿ ಅರಮನೆ ಕಟ್ಟಿದರು. ಕಲ್ಲು ತೆಗೆದ ಜಾಗ ಗುಹೆಯಾಗಿ ಉಳಿಯಿತು. ಅರಮನೆ ಎಷ್ಟು ಎತ್ತರವೋ ಗುಡ್ಡದೊಳಗೆ ಅಷ್ಟು ಪೊಳ್ಳು! ಈ ಗುಹೆಗಳಲ್ಲಿ ಬೇಸಿಗೆ ಚಳಿಗಾಲ ಎರಡರಲ್ಲೂ ಒಂದೇ ಸಮನಾದ ತಂಪು. ಅದಕ್ಕೇ ದ್ರಾಕ್ಷಿರಸದ ಪೀಪಾಯಿ ಇಡಲು, ಅಣಬೆ ಬೆಳೆಯಲು ಹೇಳಿಮಾಡಿಸಿದಂತಿವೆ. ಬಡವರು ಅವುಗಳಿಗೆ ಬಾಗಿಲು ಕಿಟಕಿ ಇಟ್ಟು ಮನೆ ಮಾಡಿಕೊಂಡರು. ಗುಡ್ಡದ ಮೈಯಿಂದ ಹೊಗೆ ಚಿಮಣಿ ಹೊರಗೆ ಇಣುಕುವುದನ್ನು ಇಂದಿಗೂ ನೋಡಬಹುದು. ದೊಡ್ಡವರು ವೈನಿನ ರುಚಿ ನೋಡುವಾಗ ನನಗೂ ಮೊಮ್ಮಗಳಿಗೂ ದ್ರಾಕ್ಷಿ ಜ್ಯೂಸ್ ಕೊಟ್ಟರು. ಅವಳು ದೊಡ್ಡವರಂತೆ ಲೋಟ ತಿರುಗಿಸಿ, ಮೂಸಿ, ಕಣ್ಣು ಮುಚ್ಚಿ ಕುಡಿದು "ಚೆನ್ನಾಗಿದೆ" ಎಂದಳು. ಕನ್ನಡದಲ್ಲಿ.

ಕೊನೆಯ ದಿನ ಶೆನೊನ್ಸೊ. ತೂರ್ ನಗರದಿಂದ ಅರ್ಧ ಗಂಟೆಯ ರೈಲು, ನಿಲ್ದಾಣದಿಂದ ಅರಮನೆಗೆ ನಡೆದೇ ಹೋಗಬಹುದು. ಶಾಂಬೋರ್ ಸರ್ಕಾರದ್ದು, ಹದಿನೆಂಟರ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಇದು ಖಾಸಗಿಯವರದ್ದು, ಏಳು ತುಂಬಿದ ಮಕ್ಕಳಿಗೂ ಟಿಕೆಟ್ ಬೇಕು. ಆದರೆ ಒಂದೇ ಅರಮನೆ ನೋಡಲು ಸಮಯವಿದ್ದರೆ ಇದನ್ನೇ ನೋಡಿ ಎನ್ನುತ್ತೇನೆ.

ಈ ಅರಮನೆ ಹೊಳೆಯ ಮೇಲೆ ನಿಂತಿದೆ. ದಂಡೆಯಲ್ಲಲ್ಲ, ಮೇಲೆ! ಲ್ವಾರ್‌ನ ಉಪನದಿ ಶೇರ್, ಅದರ ಮೇಲೆ ಕಮಾನು ಸೇತುವೆ, ಸೇತುವೆಯ ಮೇಲೆ ಉದ್ದನೆಯ ಮಹಡಿ. ಗಾಳಿ ಇಲ್ಲದಾಗ ನೀರಿನಲ್ಲಿ ಇನ್ನೊಂದು ಅರಮನೆ ತಲೆಕೆಳಗಾಗಿ ತೇಲುತ್ತದೆ. ಹಿಂದೆ ಇಲ್ಲೊಂದು ನೀರಿನ ಹಿಟ್ಟಿನ ಗಿರಣಿ ಇತ್ತು. 1513ರಿಂದ ಕ್ಯಾಥರೀನ್ ಬ್ರಿಸೊನೇ ಎಂಬ ಹೆಂಗಸು, ಗಂಡ ಯುದ್ಧಕ್ಕೆ ಹೋಗಿದ್ದಾಗ ತಾನೇ ನಿಂತು, ಗಿರಣಿಯ ತಳಪಾಯದ ಮೇಲೆ ಈ ಮನೆ ಕಟ್ಟಿಸಿದಳು.

ನಮ್ಮ ಒತ್ತೆಯಾಳು ಹುಡುಗ ಆನ್ರಿ ಇಲ್ಲಿ ಮತ್ತೆ ಬರುತ್ತಾನೆ. 1547ರಲ್ಲಿ ಅವನು ರಾಜನಾದ. ಅರಮನೆಯನ್ನು ತನ್ನ ಹೆಂಡತಿ ಕ್ಯಾಥರೀನ್ ದ ಮೆಡಿಚಿಗೆ ಕೊಡದೆ, ತನಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ಗೆಳತಿ ದಿಯಾನ್‌ಗೆ ಕೊಟ್ಟ. ಸ್ಪೇನಿಗೆ ಹೊರಟ ದಿನ ತಾಯಿಯಿಲ್ಲದ ಆ ಚಿಕ್ಕ ಹುಡುಗನನ್ನು ಮುದ್ದಿಸಿ ಬೀಳ್ಕೊಟ್ಟವಳು ಇವಳೇ ಎಂದು ಕತೆಯಿದೆ. ದಿಯಾನ್ ಲೆಕ್ಕಾಚಾರದ ಹೆಂಗಸು, ಹೊಳೆಗೆ ಸೇತುವೆ ಕಟ್ಟಿಸಿ ತೋಟ ಬೆಳೆಸಿದಳು. 1559ರಲ್ಲಿ ಆನ್ರಿ ಕುದುರೆ ಮೇಲಿನ ಈಟಿಯ ಪಂದ್ಯದಲ್ಲಿ ಕಣ್ಣಿಗೆ ಚೂರು ಚುಚ್ಚಿ ತೀರಿಕೊಂಡ. ಕ್ಯಾಥರೀನ್ ದಿಯಾನ್‌ಳಿಂದ ಶೆನೊನ್ಸೊ ಬಿಡಿಸಿಕೊಂಡು, ಬದಲಿಗೆ ಶೋಮೋಂ ಎಂಬ ಬೇರೆ ಅರಮನೆ ಕೊಟ್ಟಳು. ದಿಯಾನ್‌ಳ ಸೇತುವೆಯ ಮೇಲೆ ತಾನು 60 ಮೀಟರ್ ಉದ್ದದ ನಡುಮನೆ ಕಟ್ಟಿಸಿದಳು. ಗೋಡೆಗಳಲ್ಲಿ ರಾಜನ 'ಎಚ್' ಮತ್ತು ಕ್ಯಾಥರೀನಳ ಎರಡು 'ಸಿ' ಹೆಣೆದ ಗುರುತಿದೆ. ಓರೆಯಾಗಿ ನೋಡಿದರೆ 'ಸಿ' ಕಾಣುವುದಿಲ್ಲ, ದಿಯಾನ್‌ಳ 'ಡಿ' ಕಾಣುತ್ತದೆ. ಕ್ಯಾಥರೀನಳಿಗೆ ದಿನವೂ ಎಷ್ಟು ಉರಿದಿರಬೇಕು!

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಡುಗೆಮನೆ. ಅದು ಸೇತುವೆಯ ಕಂಬದ ಹೊಟ್ಟೆಯೊಳಗಿದೆ. ಕಿಟಕಿಯಾಚೆ ನೀರು. ದೋಣಿಯಲ್ಲಿ ಬಂದ ತರಕಾರಿ, ಮೀನು ನೇರ ಒಳಗೆ ಬರುತ್ತಿದ್ದವು. ಸಾಲಾಗಿ ತೂಗುಹಾಕಿದ ತಾಮ್ರದ ಪಾತ್ರೆ, ರೊಟ್ಟಿಯ ಒಲೆ, ಮಾಂಸ ಕತ್ತರಿಸುವ ಕೊರಡು. ನಮ್ಮಜ್ಜಿಯ ಮನೆಯ ಹಂಡೆಯಂಥದ್ದೇ ಒಂದು ಕಂಡಿತು. ಮೊಮ್ಮಗಳಿಗೆ "ಹಂಡೆ" ಎಂದು ಹೇಳಿಕೊಟ್ಟೆ. ಫ್ರೆಂಚಿನಲ್ಲಿ ಅದಕ್ಕೆ ಏನೆನ್ನುತ್ತಾರೆ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಹಾಗಾಗಿ ಅವಳ ಪಾಲಿಗೆ ಅದರ ಹೆಸರು ಈಗ ಹಂಡೆಯೇ.

1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಶುರುವಾಗಿ ಜನ ಅರಮನೆಗಳನ್ನು ಒಡೆಯುತ್ತಿದ್ದಾಗ ಇಲ್ಲಿದ್ದವಳು ಲುಯೀಸ್ ದ್ಯುಪಾಂ, ಎಂಬತ್ತು ದಾಟಿದ ಮುದುಕಿ. ಇದು ಅರಮನೆಯಲ್ಲ, ಸೇತುವೆ. ಸುತ್ತಲಿನ ಊರುಗಳಿಗೆ ಹೊಳೆ ದಾಟಲು ಇರುವುದು ಇದೊಂದೇ, ಒಡೆದರೆ ಸಂತೆಗೆ ಹೇಗೆ ಹೋಗುತ್ತೀರಿ ಎಂದು ವಾದಿಸಿ ಉಳಿಸಿಕೊಂಡಳೆಂದು ಹೇಳುತ್ತಾರೆ. ಊರವರಿಗೆ ಅವಳ ಮೇಲೆ ಪ್ರೀತಿಯೂ ಇತ್ತು.

1913ರಲ್ಲಿ ಮೆನಿಯೇ ಎಂಬ ಚಾಕೊಲೇಟ್ ತಯಾರಕರ ಮನೆತನ ಇದನ್ನು ಕೊಂಡಿತು. ಮರುವರ್ಷವೇ ಮೊದಲ ಮಹಾಯುದ್ಧ. ಕ್ಯಾಥರೀನ್ ನೃತ್ಯಕ್ಕೆಂದು ಕಟ್ಟಿಸಿದ ಆ ಉದ್ದ ನಡುಮನೆಯಲ್ಲಿ ಅವರು ಸ್ವಂತ ಖರ್ಚಿನಲ್ಲಿ 120 ಹಾಸಿಗೆ ಹಾಕಿ ಆಸ್ಪತ್ರೆ ತೆರೆದರು. ಯುದ್ಧ ಮುಗಿಯುವವರೆಗೆ 2254 ಗಾಯಾಳು ಸೈನಿಕರು ಇಲ್ಲಿ ಚಿಕಿತ್ಸೆ ಪಡೆದರು. ಚೇತರಿಸಿಕೊಂಡವರು ಕಿಟಕಿಯಿಂದಲೇ ಹೊಳೆಗೆ ಗಾಳ ಹಾಕುತ್ತಿದ್ದರಂತೆ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಫ್ರಾನ್ಸನ್ನು ಗೆದ್ದು 1940ರಲ್ಲಿ ದೇಶವನ್ನು ಎರಡು ಪಾಲು ಮಾಡಿದಾಗ ಇಲ್ಲಿ ಗಡಿಯಾದದ್ದು ಇದೇ ಶೇರ್ ಹೊಳೆ. ಅರಮನೆಯ ಮುಂಬಾಗಿಲು ಜರ್ಮನ್ನರ ಹಿಡಿತದಲ್ಲಿ, ನಡುಮನೆಯ ದಕ್ಷಿಣದ ಬಾಗಿಲು ಆಚೆ ದಡದಲ್ಲಿ, ಅವರ ಸೈನ್ಯವಿಲ್ಲದ ಕಡೆ. ಗುಟ್ಟಾಗಿ ಎಷ್ಟೋ ಜನ ಈ ಬಾಗಿಲಿನಿಂದ ಒಳಬಂದು ಆ ಬಾಗಿಲಿನಿಂದ ತಪ್ಪಿಸಿಕೊಂಡರು. ನೃತ್ಯದ ಅಂಗಳ, ಆಸ್ಪತ್ರೆ, ಪಾರಾಗುವ ದಾರಿ, ಮೂರೂ ಆದದ್ದು ಕಪ್ಪು ಬಿಳಿ ಚೌಕಗಳ ಈ ಒಂದೇ ನೆಲ.

ನಾವು ಅಲ್ಲಿ ನಿಂತಾಗ ಜನ ಕಡಿಮೆ ಇದ್ದರು. ಎರಡೂ ಕಡೆಯ ಕಿಟಕಿಗಳಿಂದ ನೀರಿನ ಬೆಳಕು ಚಾವಣಿಯ ಮೇಲೆ ಆಡುತ್ತಿತ್ತು.

"ಆ ಹುಡುಗ ವಾಪಸ್ ಬಂದಮೇಲೆ ಮಾತು ಬಂತಾ?" ಎಂದಳು ಮೊಮ್ಮಗಳು. ಎರಡು ದಿನದಿಂದ ಅವಳ ತಲೆಯಲ್ಲಿ ಅದೇ ಇತ್ತೆಂದು ನನಗೆ ಆಗ ತಿಳಿಯಿತು.

"ಬಂತು. ಮಾತಾಡುವವರಿದ್ದರಲ್ಲ."

ಅವಳು ಆ ತುದಿಯ ಬಾಗಿಲನ್ನು ನೋಡಿದಳು. ಎಷ್ಟು ಹೆಜ್ಜೆ ಆಗುತ್ತದೆ ಎಣಿಸುತ್ತೇನೆ, ನೀನು ಬರಬೇಡ, ನಿಂತಿರು ಎಂದು ಹೊರಟಳು. ಒಂದು, ಎರಡು, ಮೂರು. ಹೊರಗಿನಂತೆ ಅಲ್ಲಿ ದನಿ ಕಳೆದುಹೋಗುವುದಿಲ್ಲ, ಎಲ್ಲ ಕೇಳಿಸುತ್ತದೆ. ನಲವತ್ತರವರೆಗೆ ಸಲೀಸು. ಐವತ್ತರ ಹತ್ತಿರ ನಿಧಾನವಾದಳು. ಅರವತ್ತೊಂಬತ್ತಕ್ಕೆ ಒಂದು ಕಾಲು ಎತ್ತಿಕೊಂಡೇ ನಿಂತು ತಿರುಗಿ ನೋಡಿದಳು.

"ಎಪ್ಪತ್ತು," ಎಂದೆ ಈ ತುದಿಯಿಂದ.

"ಎಪ್ಪತ್ತು," ಎಂದು ಕಾಲಿಟ್ಟಳು. ಎಪ್ಪತ್ತೊಂದು, ಎಪ್ಪತ್ತೆರಡು. ಎಂಬತ್ತಕ್ಕೆ ಮತ್ತೊಮ್ಮೆ ತಿರುಗಿದಳು, ಹೇಳಿದೆ. ತೊಂಬತ್ತನ್ನು ತಾನೇ ಹೇಳಿಕೊಂಡಳು. ತೊಂಬತ್ತಾರಕ್ಕೆ ಬಾಗಿಲು ಸಿಕ್ಕಿತು. ಆಚೆಗೆ ಹುಲ್ಲು, ಬಿಸಿಲು, ಕಟ್ಟಿಹಾಕಿದ ಒಂದು ದೋಣಿ.